ಅಲಾರಂ ಚೇಚಿಯ ಒಂದನೇ ತಾರೀಕು

ಅವರು ಯಾರ ಮನೆಗೆ ಹೋದರೂ ಮೊದಲು ಕೇಳುತ್ತಿದ್ದದ್ದು ಬಚ್ಚಲು ಮನೆ ಎಲ್ಲಿ ಎಂದು. ಕೈಕಾಲು ತೊಳೆಯುವುದಕ್ಕಲ್ಲ. ಬಾಗಿಲಲ್ಲೇ ನಿಂತು ಕತ್ತೆತ್ತಿ ಕಿಟಕಿ ನೋಡುವರು. ಅದು ತೆರೆಯುತ್ತದೆಯೇ, ಆಚೆಗೆ ಬಯಲಿದೆಯೇ ಅಥವಾ ಇನ್ನೊಂದು ಗೋಡೆಯೇ ಎಂದು ಪರೀಕ್ಷೆ ಮಾಡಿ ಆಮೇಲೆ ಬಂದು ಸೋಫಾದಲ್ಲಿ ಕೂರುವರು. ಗೃಹಪ್ರವೇಶಕ್ಕೆ ಕರೆದವರು ಹೊಸ ಅಡುಗೆಮನೆ ತೋರಿಸಬೇಕೆಂದು ಆಸೆಯಿಂದ ಕಾದಿದ್ದರೆ, ಇವರು ಬಚ್ಚಲಿನ ಹೊಸ್ತಿಲಲ್ಲಿ ನಿಂತು "ಈ ಕಿಟಕಿ ಎಂತಕ್ಕೆ ಇಷ್ಟು ಸಣ್ಣ?" ಎಂದು ಕೇಳಿ ಎಲ್ಲರಿಗೂ ಮುಜುಗರ ಮಾಡುತ್ತಿದ್ದರು.

ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಅವರು ನಮ್ಮ ಸೆಕ್ಷನ್ನಿನ ಮುಖ್ಯಸ್ಥೆಯಾಗಿದ್ದರು. ಕಾಸರಗೋಡಿನವರು. ಮದುವೆಯಾಗಿರಲಿಲ್ಲ. ಅರ್ಧ ಆಯುಷ್ಯವನ್ನು ತಿರುವನಂತಪುರದಲ್ಲೇ ಕಳೆದಿದ್ದರೂ ಮಾತು ಮಾತ್ರ ಊರಿನದೇ. ನಾನು ಮೈಸೂರಿನಿಂದ ಮೊದಲ ಪೋಸ್ಟಿಂಗಿಗೆ ಅಲ್ಲಿಗೆ ಹೋದಾಗ ಮಲಯಾಳದ ಒಂದಕ್ಷರ ಬರುತ್ತಿರಲಿಲ್ಲ. ಮೊದಲ ದಿನ ಯಾರ ಹತ್ತಿರ ಏನು ಕೇಳಬೇಕೋ ತಿಳಿಯದೆ ನಿಂತಿದ್ದವಳನ್ನು ನೋಡಿ, "ಕನ್ನಡವಾ? ಬಾ ಮಾರಾಯ್ತಿ, ಕೂತ್ಕೋ. ಊಟಕ್ಕೆ ಎಂತ ತಂದಿದ್ದೀ?" ಎಂದರು. ನನಗೆ ಅಳುವೇ ಬಂದಿತ್ತು. ಅಂದಿನಿಂದ ಅವರು ನನಗೆ ಅಕ್ಕ. ಕಚೇರಿಯ ಉಳಿದವರಿಗೆಲ್ಲ ಚೇಚಿ, ಮಲಯಾಳದಲ್ಲಿ ಅಕ್ಕ ಎಂದೇ ಅರ್ಥ; ಬೆನ್ನ ಹಿಂದೆ ಅಲಾರಂ ಚೇಚಿ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಕಚೇರಿಯ ಹೆಂಗಸರ ಟಾಯ್ಲೆಟ್ಟಿನಲ್ಲಿ ಯಾರಾದರೂ ಐದು ನಿಮಿಷಕ್ಕಿಂತ ಹೆಚ್ಚು ಇದ್ದರೆ ಬಾಗಿಲ ಮೇಲೆ ಎರಡು ಬಡಿತ ಬೀಳುತ್ತಿತ್ತು. "ಒಳಗೆ ಉಂಟಾ?" ಎಂದು ಕೇಳುವರು. ಒಳಗಿನವರು ಕೆಮ್ಮಿದರೆ ಸಾಲದು, ನೀರು ಸುರಿದ ಸದ್ದು ಮಾಡಿದರೂ ಸಾಲದು. "ಬಾಯಿ ಬಿಟ್ಟು ಹೇಳು, ನನಗೆ ಕೇಳಲಿ" ಎನ್ನುವರು. ಅದನ್ನು ಮಲಯಾಳದಲ್ಲೂ ಹೇಳುವರು. "ಉಂಡೇ ಚೇಚೀ", ಇದ್ದೇನೆ ಅಕ್ಕ, ಎಂದು ಒಳಗಿನಿಂದ ಕೂಗಿದ ಮೇಲೆಯೇ ಅವರು ಕಾಲು ತೆಗೆಯುತ್ತಿದ್ದದ್ದು. ಹೊಸದಾಗಿ ಸೇರಿದ ಹುಡುಗಿಯರು ಸಿಟ್ಟಾಗುತ್ತಿದ್ದರು. ನಾನೂ ಒಮ್ಮೆ, "ಅಕ್ಕ, ನೆಮ್ಮದಿಯಾಗಿ ಕೂರೋಕೂ ಬಿಡಲ್ವಲ್ಲ ನೀವು" ಎಂದು ರೇಗಿದ್ದೆ. ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಫೈಲು ಎತ್ತಿಕೊಂಡು ಹೋದರು.

ಅವರ ಕೈಚೀಲದಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡದಾದ ಒಂದು ಬಿಳಿ ಯಂತ್ರ ಸದಾ ಇರುತ್ತಿತ್ತು. ತರಬೇತಿಗೆಂದು ನಾವಿಬ್ಬರೂ ಕೊಚ್ಚಿಗೆ ಹೋಗಿ ಗೆಸ್ಟ್ ಹೌಸಿನ ಒಂದೇ ಕೋಣೆಯಲ್ಲಿ ಉಳಿದಾಗ ಅದನ್ನು ಮೊದಲ ಸಲ ನೋಡಿದೆ. ಸೂಟ್‌ಕೇಸು ಬಿಚ್ಚುವ ಮೊದಲೇ ಅದನ್ನು ತೆಗೆದು ಮಂಚದ ಪಕ್ಕದ ಮೇಜಿನ ಮೇಲೆ ಇಟ್ಟು, ಗುಂಡಿ ಒತ್ತಿದರು. ಕಿವಿ ಕಿತ್ತುಹೋಗುವಂತೆ ನಾಲ್ಕು ಸಲ ಕೂಗಿತು. ಕಾರಿಡಾರಿನಲ್ಲಿ ಯಾರೋ ಓಡಿ ಬಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ನನ್ನ ಮದುವೆ ನಿಶ್ಚಯವಾಗಿ ಮನೆ ಹೂಡುವ ಮಾತು ಬಂದಾಗ ಅಂಥದ್ದೊಂದನ್ನು ನನಗೂ ಕೊಡಿಸಬೇಕೆಂದು ಅವರು ತಿರುವನಂತಪುರದ ಚಾಲೈ ಬಜಾರಿಗೆ ಕರೆದುಕೊಂಡು ಹೋದರು. ಇಕ್ಕಟ್ಟಿನ ಎಲೆಕ್ಟ್ರಿಕಲ್ ಅಂಗಡಿ. ಅಂಗಡಿಯವನು ಒಂದು ಡಬ್ಬಿ ತೆಗೆದಿಟ್ಟು, "ಇದು ಮದಿ ಚೇಚೀ, ಎಲ್ಲಾ ಗ್ಯಾಸೂ ಪಿಡಿಕ್ಕುಂ" ಎಂದ. ಇದೊಂದೇ ಸಾಕು, ಎಲ್ಲ ಗ್ಯಾಸನ್ನೂ ಹಿಡಿಯುತ್ತದೆ ಎಂದು ಅವನ ಭರವಸೆ. ಅಕ್ಕ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನೆಲ್ಲ ಕನ್ನಡಕ ಏರಿಸಿ ಓದಿದರು. ಅಡುಗೆ ಅನಿಲ ಸೋರಿದರೆ ಕೂಗುವ ಯಂತ್ರ ಅದು. ಬೇಡವೆಂದರು. ಅವನು ಇನ್ನೊಂದನ್ನು ತೆಗೆದು, ದೇವರ ಪಟದ ಮುಂದಿದ್ದ ಊದುಬತ್ತಿಯನ್ನೇ ಕಿತ್ತು ತಂದು ಅದರ ಕೆಳಗೆ ಹಿಡಿದ. ಯಂತ್ರ ಕಿರುಚಿತು. "ಕಂಡೋ?" ಎಂದು ಗೆದ್ದವನಂತೆ ನಮ್ಮ ಮುಖ ನೋಡಿದ.

ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಅಡುಗೆ ಗ್ಯಾಸಿಗೆ ನಾತ ಉಂಟು, ಮೂಗಿಗೇ ಗೊತ್ತಾಗ್ತದೆ. ಹೊಗೆ ಕಣ್ಣಿಗೆ ಕಾಣ್ತದೆ. ನಾನು ಕೇಳುದು ಮೂಗಿಗೂ ಕಣ್ಣಿಗೂ ಸಿಕ್ಕದೆ ಇರುದನ್ನು."

ಹಪ್ಪಳದ ಕಟ್ಟೊಂದನ್ನು ಕೊಂಡು ಬರಿಗೈಯಲ್ಲಿ ಹೋಗಲಿಲ್ಲವೆಂದು ಸಮಾಧಾನ ಮಾಡಿಕೊಂಡು ಹೊರಟೆವು. ದಾರಿಯಲ್ಲಿ ಅವರು ಪಾಠ ಹೇಳಿದರು. ಗ್ಯಾಸ್ ಗೀಸರ್ ಇರಲಿ, ಇದ್ದಲಿರಲಿ, ಜನರೇಟರ್ ಇರಲಿ, ಉರಿಯುವುದಕ್ಕೆ ಗಾಳಿ ಸಾಲದಾದಾಗ ಬೆಂಕಿ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. "ನಿದ್ರೆ ಬಂದ ಹಾಗೆ ಆಗ್ತದೆ. ಅದು ನಿದ್ರೆಯಲ್ಲ ಅಂತ ಹೇಳಲಿಕ್ಕೆ ಆಗ ನೀನೇ ಇರುದಿಲ್ಲ" ಎಂದರು. ಆಮೇಲೆ, ನಾನು ಇಂದಿಗೂ ಮರೆಯದ ಮಾತೊಂದನ್ನು ಹೇಳಿದರು. "ಮನೆಯಲ್ಲಿ ಒಬ್ಬರಿಗೆ ತಲೆನೋವಾದರೆ ಮಾತ್ರೆ ಕೊಡು. ಎಲ್ಲರಿಗೂ ಒಟ್ಟಿಗೆ ತಲೆನೋವಾದರೆ ಬಾಗಿಲು ತೆಗೆ."

ನಾನು ಆಗ ಹೂಂಗುಟ್ಟಿದೆನೇ ಹೊರತು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದೆ.

ಮುಂದೆ ಮದುವೆಯಾಗಿ, ವರ್ಗ ಮಾಡಿಸಿಕೊಂಡು ಕೊಚ್ಚಿಗೆ ಬಂದೆ. ನನ್ನ ಗಂಡನ ಬ್ಯಾಂಕು ಎಡಪ್ಪಳ್ಳಿಯಲ್ಲಿ. ಮನೆ ಮಾಡಿದ್ದು ತ್ರಿಪ್ಪುಣಿತ್ತುರದಲ್ಲಿ, ಮೂರನೇ ಮಹಡಿಯ ಫ್ಲಾಟು. ಅಕ್ಕ ಬೆಳಗಿನ ರೈಲಿಗೆ ಬಂದರು, ಉಡುಗೊರೆಯಾಗಿ ಬಿಳಿ ಡಬ್ಬಿ ತಂದರು. ಆನ್‌ಲೈನಿನಲ್ಲಿ ತರಿಸಿದ ಎರಡನ್ನು ತಯಾರಾದ ತಿಂಗಳು ನಮೂದಾಗಿಲ್ಲವೆಂದು ವಾಪಸು ಕಳಿಸಿ, ಮೂರನೆಯದನ್ನು ಒಪ್ಪಿದ್ದರಂತೆ. ಅದರ ಒಳಗಿನ ಸೆನ್ಸರಿಗೆ ಆಯುಷ್ಯವಿರುತ್ತದೆ, ಮುಗಿದ ಮೇಲೆ ದೀಪ ಉರಿದರೂ ನಂಬುವ ಹಾಗಿಲ್ಲ ಎಂದು, ಬದಲಿಸಬೇಕಾದ ತಿಂಗಳನ್ನು ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಆಮೇಲೆ ಸೀದಾ ನಮ್ಮ ಮಲಗುವ ಕೋಣೆಗೆ ಹೋಗಿ ನಮ್ಮ ಮಂಚದ ಮೇಲೆ ಚಾಚಿ ಮಲಗಿದರು! ತಲೆ ಎಲ್ಲಿಗೆ ಬರುತ್ತದೆ ನೋಡಿ, ಅದೇ ಎತ್ತರಕ್ಕೆ ಗೋಡೆಯಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದರು. "ಪರದೆಯ ಹಿಂದೆ ಬೇಡ, ಕಿಟಕಿಯ ಬದಿಗೆ ಬೇಡ. ಉಸಿರು ಎಲ್ಲಿ ಎಳೀತೀರೋ ಅಲ್ಲಿ ಇರಲಿ." ನನ್ನ ಗಂಡ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತಿದ್ದರು.

ಅಂದಿನಿಂದ ಫೋನು ಶುರುವಾಯಿತು. ಮಲಯಾಳ ತಿಂಗಳ ಒಂದನೇ ತಾರೀಕು ಇಲ್ಲಿ ದೇವಸ್ಥಾನಕ್ಕೆ ಹೋಗುವ ದಿನ. ಕಾಸರಗೋಡಿನವರಿಗೂ ಸಂಕ್ರಮಣದ ಲೆಕ್ಕವೇ. ಅಕ್ಕ ದೇವಸ್ಥಾನದಿಂದ ಮನೆಗೆ ಬಂದು, ತಮ್ಮ ಅಲಾರಮ್ಮಿನ ಗುಂಡಿ ಒತ್ತಿ ನೋಡಿ, ಹಣೆಯ ಗಂಧ ಒಣಗುವ ಮೊದಲೇ ನನಗೆ ಫೋನ್ ಮಾಡುತ್ತಿದ್ದರು. "ಗುಂಡಿ ಒತ್ತಿದೆಯಾ? ಒತ್ತು. ನನಗೆ ಕೇಳಲಿ." ನಾನು ಫೋನನ್ನು ಡಬ್ಬಿಯ ಹತ್ತಿರ ಹಿಡಿದು ಒತ್ತುತ್ತಿದ್ದೆ. ನಾಲ್ಕು ಕೂಗು. "ಆಯ್ತು, ಇಡ್ತೇನೆ" ಎನ್ನುವರು. ಬೇರೆ ಕುಶಲ ಕೇಳುತ್ತಿರಲಿಲ್ಲ.

ಇನ್ನು ಆ ಕರ್ಕಿಟಕದ, ಜುಲೈ ನಡುವೆ ಹಿಡಿಯುವ ಮಲಯಾಳದ ಮಳೆ ತಿಂಗಳಿನ, ವಿಷಯ.

ಮಗಳು ಹುಟ್ಟಿ ಮೂರು ವಾರವಾಗಿತ್ತು. ಬಾಣಂತನಕ್ಕೆಂದು ಮೈಸೂರಿನಿಂದ ಅಮ್ಮ ಬಂದಿದ್ದಳು. ಹೊರಗೆ ಎಡೆಬಿಡದ ಮಳೆ, ಮಗುವಿನ ಬಟ್ಟೆ ಒಣಗುತ್ತಿರಲಿಲ್ಲ. ಅಮ್ಮ ತನ್ನ ಜೊತೆಗೆ ಕಬ್ಬಿಣದ ಅಗ್ಗಿಷ್ಟಿಕೆಯನ್ನೂ ಹೊತ್ತು ತಂದಿದ್ದಳು. ನನ್ನನ್ನು ಹೆತ್ತಾಗ ಅವಳ ಮಂಚದ ಕೆಳಗೂ ಅದೇ ಇತ್ತಂತೆ. ದಿನವೂ ಹತ್ತು ಗಂಟೆಗೆ ಎರೆದುಕೊಂಡು ಬಂದ ಮೇಲೆ ಕೋಣೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗೆ ಹಳೆಯ ಸೀರೆ ತುರುಕಿ, ಇದ್ದಲಿನ ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಮಂಚದ ಕೆಳಗೆ ತಳ್ಳಿ, ಮೇಲೆ ಓಂಕಾಳು, ಬೆಳ್ಳುಳ್ಳಿ ಸಿಪ್ಪೆ, ಸಾಂಬ್ರಾಣಿ ಉದುರಿಸುತ್ತಿದ್ದಳು. ಬಾಣಂತಿಗೂ ಕೂಸಿಗೂ ಗಾಳಿ ತಾಗಬಾರದು.

ಮೊದಲ ದಿನವೇ ಗೋಡೆಯ ಡಬ್ಬಿ ಕಿರುಚಿತು. ಮಗು ಬೆಚ್ಚಿ ಬಿದ್ದು ಅತ್ತಿತು. ಅಮ್ಮ ಕಿವಿ ಮುಚ್ಚಿಕೊಂಡು, "ಅಯ್ಯೋ, ಆ ಸುಡುಗಾಡು ಡಬ್ಬಿ ಬಾಯಿ ಮುಚ್ಚಿಸೇ! ಸಾಂಬ್ರಾಣಿ ಹೊಗೆಗೆಲ್ಲ ಹಿಂಗೆ ಬಡ್ಕೊಂಡ್ರೆ ಹೆಂಗೆ?" ಎಂದಳು.

ಹೊಗೆಗೆ ಕೂಗುವ ಯಂತ್ರ ಅದಲ್ಲ ಎಂದು ನನಗೆ ಗೊತ್ತಿತ್ತು. ಚಾಲೈಯಲ್ಲಿ ನಿಂತು ಕಣ್ಣಾರೆ ನೋಡಿದ್ದೆ, ಕಿವಿಯಾರೆ ಕೇಳಿದ್ದೆ. ಆದರೂ ಎದ್ದು ಹೋಗಿ ಡಬ್ಬಿ ಕಿತ್ತು, ಬ್ಯಾಟರಿ ತೆಗೆದು, ಬೀರುವಿನ ಸೀರೆಗಳ ಕೆಳಗೆ ಇಟ್ಟವಳು ನಾನೇ. ಅಮ್ಮ ಮೂರು ಹೊತ್ತೂ ನನಗಾಗಿ ಸೊಂಟ ಮುರಿಯುತ್ತಿದ್ದಳು, ಅವಳ ಮನಸ್ಸು ನೋಯಿಸಲು ನನಗೆ ಇಷ್ಟವಿರಲಿಲ್ಲ. ಇಷ್ಟೇ ಕಾರಣ. ಬೇರೆ ಯಾವ ನೆಪವೂ ನನ್ನ ಹತ್ತಿರ ಇಲ್ಲ.

ನಾಲ್ಕೈದು ದಿನ ತಲೆನೋವಿತ್ತು. ಬಾಣಂತಿಗೆ ಶೀತ ಎಂದಳು ಅಮ್ಮ, ಹಣೆಗೆ ಶುಂಠಿ ತೇಯ್ದು ಹಚ್ಚಿದಳು. ತನ್ನ ಹಣೆಗೂ ಹಚ್ಚಿಕೊಂಡಳು. ಅವಳಿಗೂ ನೋಯುತ್ತಿದೆ ಎಂಬುದರ ಕಡೆ ನನ್ನ ಗಮನವೇ ಹೋಗಲಿಲ್ಲ. ಕರ್ಕಿಟಕ ಒಂದರಂದು ಮಳೆ ಇನ್ನೂ ಜೋರಾಗಿತ್ತು. ಅಂದು ಅಮ್ಮ ಕೆಂಡ ಸ್ವಲ್ಪ ಹೆಚ್ಚೇ ತುಂಬಿದಳು. ಗಂಡ ಬ್ಯಾಂಕಿಗೆ ಹೋಗಿದ್ದರು. ಹನ್ನೊಂದು ಗಂಟೆ ದಾಟಿರಬೇಕು, ತಲೆದಿಂಬಿನ ಪಕ್ಕದ ಫೋನು ಬಹಳ ಹೊತ್ತು ಬಡಿದುಕೊಂಡಿತು. ಎತ್ತಲು ಕೈ ಭಾರ.

"ಗುಂಡಿ ಒತ್ತಿದೆಯಾ?"

"ಒತ್ತಿದೀನಿ ಅಕ್ಕ" ಎಂದು ಸುಳ್ಳು ಹೇಳಿದೆ.

"ಇನ್ನೊಮ್ಮೆ ಒತ್ತು. ನನಗೆ ಕೇಳಲಿ."

ನಾನು ಸುಮ್ಮನಾದೆ. ನನ್ನ ನಾಲಿಗೆ ದಪ್ಪಗಾಗಿತ್ತು. ಅವರು ಆ ಮೌನವನ್ನು ಒಂದು ಗಳಿಗೆ ಕೇಳಿಸಿಕೊಂಡರು.

"ತಲೆನೋವು ಉಂಟಾ ನಿನಗೆ?"

"ಹೂಂ."

"ಅಮ್ಮನಿಗೆ?"

"ಅವಳಿಗೂ... ಇಲ್ಲೇ ಚಾಪೆ ಮೇಲೆ ಮಲಗಿದಾಳೆ."

"ಮಗು?"

"ನಿದ್ದೆ. ಹಾಲಿಗೂ ಎದ್ದಿಲ್ಲ ಇವತ್ತು."

ಆಮೇಲೆ ಬಂದದ್ದು ನಾನು ಅದುವರೆಗೂ ಅವರ ಬಾಯಲ್ಲಿ ಕೇಳದ ಸ್ವರ. "ಮಗುವನ್ನು ಎತ್ತು. ಬಾಗಿಲು ತೆಗೆ. ಮನೆಯಿಂದ ಹೊರಗೆ ಹೋಗು. ಈಗ! ಫೋನ್ ಕಟ್ ಮಾಡಬೇಡ, ಸ್ಪೀಕರಿಗೆ ಹಾಕು."

"ಅಮ್ಮನ್ನ ಎಬ್ಬಿಸ್ತೀನಿ..."

"ಮೊದಲು ಮಗು! ಮೊದಲು ಬಾಗಿಲು! ನೀನು ಬಿದ್ದರೆ ಮೂರು ಜನವೂ ಹೋಗ್ತೀರಿ!"

ಮಂಚದಿಂದ ಇಳಿದೆ, ಕಾಲು ನಿಲ್ಲಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು ಒಂದು ಕೈಯಲ್ಲಿ ತೆವಳಿದೆ. ಅಮ್ಮನನ್ನು ದಾಟಿಕೊಂಡೇ ಹೋಗಬೇಕಿತ್ತು. ಅವಳ ಮುಖ ನೋಡಿದೆ, ಕರೆದೆ, ಅವಳು ಕಣ್ಣು ಬಿಡಲಿಲ್ಲ. ಹೆತ್ತವಳನ್ನು ದಾಟಿ ಮುಂದೆ ಹೋದೆ. ನನಗೆ ಬದುಕಿನಲ್ಲಿ ಅಷ್ಟು ಭಯ ಎಂದೂ ಆಗಿಲ್ಲ. ಹಿಂದಿನಿಂದ, ಮಂಚದ ಮೇಲೆ ಸ್ಪೀಕರಿಗೆ ಹಾಕಿಟ್ಟ ಫೋನಿನಿಂದ, ಅಕ್ಕ ಕೂಗುತ್ತಲೇ ಇದ್ದರು. "ಎಲ್ಲಿಗೆ ಮುಟ್ಟಿದೆ? ಬಾಯಿ ಬಿಟ್ಟು ಹೇಳು, ನನಗೆ ಕೇಳಲಿ!" "ಬಾಗಿಲು" ಎಂದೆ. "ಮುಂದೆ?" "ನಡುಮನೆ." "ಮುಂದೆ? ಮಲಗಬೇಡ, ಮುಂದೆ?" ಆ ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತೆಂಬ ಒಂದೇ ಕಾರಣಕ್ಕೆ ನಾನು ನಡುಮನೆಯಲ್ಲಿ ಮಲಗಿಬಿಡಲಿಲ್ಲ. ಮುಂಬಾಗಿಲ ಚಿಲಕ ತೆಗೆದು ಎದುರು ಮನೆಯ ಬಾಗಿಲಿಗೆ ತಲೆಯಿಂದಲೇ ಗುದ್ದಿದೆ. ಆ ಮನೆಯ ಚೇಚಿ ಹೊರಗೆ ಬಂದು, ಮಗುವನ್ನು ಎತ್ತಿಕೊಂಡು, "ಎಂದಾ ಮೋಳೇ, ಎಂದು ಪಟ್ಟಿ?" ಎಂದು ಏನಾಯಿತೆಂದು ಕೇಳುವಾಗ ನಾನು ಕೋಣೆಯ ಕಡೆ ಬೆರಳು ತೋರಿಸಿದ್ದಷ್ಟೇ ನೆನಪು. ಅವರು ಒಳಗೆ ಓಡಿ, ಅಮ್ಮನ ಎರಡೂ ಕಾಲು ಹಿಡಿದು ಹೊರಗೆ ಎಳೆದು ತಂದರಂತೆ.

ಆಸ್ಪತ್ರೆಯಲ್ಲಿ ಮೂವರಿಗೂ ಆಮ್ಲಜನಕ ಹಾಕಿದರು. ಮಗು ಮಧ್ಯಾಹ್ನದ ಹೊತ್ತಿಗೆ ಅತ್ತಿತು. ಅಮ್ಮ ಕಣ್ಣು ಬಿಟ್ಟದ್ದು ಸಂಜೆಗೆ.

ಅಷ್ಟರಲ್ಲಿ ಅಕ್ಕ ಬಂದಿದ್ದರು, ಹಣೆಯಲ್ಲಿ ಬೆಳಗಿನ ಗಂಧದ ಗುರುತು ಹಾಗೇ ಇತ್ತು. ಬೈಯಲಿಲ್ಲ. ಅಮ್ಮ ಅವರ ಕೈ ಹಿಡಿದು, "ನಾನೇ ಕೊಲ್ತಿದ್ದೆನಲ್ಲಮ್ಮಾ" ಎಂದು ಗೋಳಾಡಿದಾಗ, "ನಿಮ್ಮದು ಹಂಚಿನ ಮನೆಯ ಬಾಣಂತನ. ಹಂಚಿನ ಮನೆ ಉಸಿರಾಡ್ತದೆ. ಈ ಫ್ಲಾಟು ಉಸಿರಾಡುದಿಲ್ಲ. ನಿಮಗೆ ಹೇಗೆ ಗೊತ್ತಾಗಬೇಕು?" ಎಂದು ಸಮಾಧಾನ ಮಾಡಿದರು.

"ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು ಅಕ್ಕ" ಎಂದೆ ನಾನು. ಬ್ಯಾಟರಿ ತೆಗೆದದ್ದನ್ನು ಹೇಳಿದೆ.

ಅವರು ನನ್ನ ಮಂಚದ ಅಂಚಿನಲ್ಲಿ ಕೂತರು. ಆಮೇಲೆ ಹೇಳಿದರು. ಅದುವರೆಗೆ ಕಚೇರಿಯಲ್ಲಿ ಯಾರಿಗೂ ಹೇಳದ್ದನ್ನು, ಒಂದೇ ಸಲ, ತಗ್ಗಿದ ದನಿಯಲ್ಲಿ.

ಅವರಿಗೆ ಒಬ್ಬ ತಂಗಿ ಇದ್ದಳು. ಬ್ಯಾಂಕ್ ಪರೀಕ್ಷೆಗೆ ಓದಲು ತಿರುವನಂತಪುರಕ್ಕೆ ಬಂದು ಅಕ್ಕನ ಬಾಡಿಗೆ ಮನೆಯಲ್ಲಿ ಇದ್ದಳು. ಬಚ್ಚಲಲ್ಲಿ ಹೊಸ ಗ್ಯಾಸ್ ಗೀಸರ್. ಕಿಟಕಿಯ ಎದುರಿಗೇ ಪಕ್ಕದ ಕಟ್ಟಡದ ಮೆಟ್ಟಿಲು, ಹತ್ತಿ ಇಳಿಯುವವರಿಗೆಲ್ಲ ಕಾಣುತ್ತದೆ ಎಂದು ತಂಗಿ ನಾಚಿದಳು. ಅಕ್ಕ ಮೈದಾ ಅಂಟು ಕುದಿಸಿ ಕಿಟಕಿಗೆ ತುಂಬ ಪೇಪರ್ ಅಂಟಿಸಿದರು. "ಸಂದಿ ಬಿಡದೆ ಅಂಟಿಸಿದೆ. ನಾನು ಯಾವ ಕೆಲಸವೂ ಅರ್ಧ ಮಾಡುದಿಲ್ಲ ಅಲ್ವಾ?" ಎಂದರು. ಮರುದಿನ ಬೆಳಿಗ್ಗೆ ತಂಗಿ ಸ್ನಾನಕ್ಕೆ ಹೋದವಳು ಬೇಗ ಬರಲಿಲ್ಲ. ಕಚೇರಿಗೆ ಹೊತ್ತಾಯಿತೆಂದು ಅಕ್ಕ ಬಾಗಿಲು ಬಡಿದು ಬೈದರು. ಉತ್ತರವಿಲ್ಲ, ಆದರೆ ನೀರಿನ ಸದ್ದು ಇತ್ತು. ಮುನಿಸಿಕೊಂಡಿದ್ದಾಳೆ ಎಂದುಕೊಂಡು ಇವರು ಕಚೇರಿಗೆ ಹೊರಟುಹೋದರು. ಮಧ್ಯಾಹ್ನ ಮನೆ ಮಾಲೀಕರ ಫೋನು ಬಂತು. ಟ್ಯಾಂಕಿನ ನೀರೆಲ್ಲ ಖಾಲಿಯಾಗಿದೆ, ನಲ್ಲಿ ಬಿಟ್ಟು ಹೋಗಿದ್ದೀರಾ, ಎಂದು.

"ನೀನು ಬ್ಯಾಟರಿ ತೆಗೆದೆ, ನಾನು ಪೇಪರ್ ಅಂಟಿಸಿದೆ. ತಪ್ಪು ಒಂದೇ" ಎಂದರು ಅಕ್ಕ. "ನಿನಗೆ ಫೋನ್ ಬಂತು. ಅವಳಿಗೆ ಬರಲಿಲ್ಲ."

ಆಮೇಲೆ ಏಳು ವರ್ಷ, ಒಂದು ತಿಂಗಳೂ ತಪ್ಪದೆ ಫೋನು ಬಂತು. ಡಬ್ಬಿಯ ಆಯುಷ್ಯ ಮುಗಿದ ತಿಂಗಳು ಅವರೇ ನೆನಪಿಸಿ ಹೊಸದು ತರಿಸಿದರು. ನಿವೃತ್ತರಾದ ಮೇಲೂ ನಿಲ್ಲಲಿಲ್ಲ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವುದೆಲ್ಲ ಮಲಯಾಳ. ಒಂದನೇ ತಾರೀಕು ಫೋನ್ ಬಂದರೆ ಓಡಿ ಹೋಗಿ ತಾನೇ ಗುಂಡಿ ಒತ್ತಿ, "ಕೇಟ್ಟೋ ಅಮ್ಮಮ್ಮೇ?" ಎಂದು ಕೂಗುತ್ತಿದ್ದಳು. "ಕೇಳಿತು ಮಗಾ" ಎನ್ನುತ್ತಿದ್ದರು ಅಕ್ಕ. ಆ ಎರಡು ಪದಕ್ಕಾಗಿ ನಾನು ತಿಂಗಳಿಡೀ ಕಾಯುತ್ತಿದ್ದೆ ಎಂದು ಈಗ ಅನಿಸುತ್ತದೆ.

ಈ ಸಲದ ಕರ್ಕಿಟಕ ಒಂದರ ಫೋನು ಮುಗಿದ ವಾರದಲ್ಲೇ ಅವರು ತೀರಿಕೊಂಡರು. ಹೃದಯದ ತೊಂದರೆಯಿತ್ತು, ಹಗಲು ಹೊತ್ತಿನಲ್ಲೇ, ಕುರ್ಚಿಯಲ್ಲಿ ಕೂತಲ್ಲೇ ಹೋದರು. ಚಾಲೈಗೆ ನಡೆದು ಹೋಗುವಷ್ಟು ಹತ್ತಿರದ ಓಣಿಯಲ್ಲಿ ಅವರದೊಂದು ಪುಟ್ಟ ಸ್ವಂತ ಮನೆ. ಕಾರ್ಯಕ್ಕೆ ಹೋದವಳು, ಅವರ ಚಟ ನನಗೂ ಅಂಟಿಕೊಂಡಿತ್ತೋ ಏನೋ, ಮೊದಲು ಬಚ್ಚಲು ನೋಡಿದೆ. ಕಿಟಕಿಗೆ ಗಾಜೇ ಇರಲಿಲ್ಲ. ಬರೀ ಸರಳು, ಆಚೆಗೆ ಆಕಾಶ. ಅಷ್ಟು ವರ್ಷವೂ ಅವರು ಮಳೆಯ ಎರಚಲಿನಲ್ಲಿ, ಬಕೆಟ್ಟಿನ ತಣ್ಣೀರಿನಲ್ಲಿ ಸ್ನಾನ ಮಾಡಿದ್ದರು. ನಾನು ಅಲ್ಲೇ ನಿಂತು ಅತ್ತೆ.

ಮನೆಗೆ ಅವರ ಅಣ್ಣನ ಮಗ ಸಂಸಾರ ಸಮೇತ ಬರುವುದೆಂದಾಯಿತು. ಅವನು ಸರ್ಕಾರಿ ನೌಕರ, ಆ ಊರಿಗೇ ವರ್ಗವಾಗಿತ್ತು. ಅವನ ಹೆಂಡತಿಯ ನಂಬರು ತೆಗೆದುಕೊಂಡಿದ್ದೆ.

ಮೊನ್ನೆ ಚಿಂಗಂ ಒಂದು, ಇಲ್ಲಿನ ವರ್ಷದ ಮೊದಲ ದಿನ. ಬೆಳಿಗ್ಗೆಯಿಂದ ನನಗೆ ಒಂದೇ ಸಂಕಟ. ಮಗಳು ಗುಂಡಿ ಒತ್ತಿದಳು. ನಾಲ್ಕು ಕೂಗಾಯಿತು. ಯಾರೂ "ಕೇಳಿತು" ಎನ್ನಲಿಲ್ಲ. ಅವಳು ನನ್ನ ಮುಖ ನೋಡಿದಳು. ನನಗೆ ತಡೆಯಲಾಗದೆ ಆ ಅಣ್ಣನ ಮಗನ ಹೆಂಡತಿಗೆ ಫೋನ್ ಮಾಡಿದೆ.

"ಅಕ್ಕನ ಅಲಾರಂ ಇತ್ತಲ್ಲ, ಗೋಡೆ ಮೇಲೆ. ಅದರ ಗುಂಡಿ ಒತ್ತಿ ನೋಡ್ತೀರಾ?"

"ಅದಾ?" ಎಂದಳು ಅವಳು ಸಲೀಸಾಗಿ. "ಕಾರ್ಯದ ದಿನ ಹೋಮ ಮಾಡುವಾಗ ಕೂಗ್ಲಿಕ್ಕೆ ಶುರು ಮಾಡಿತು. ಬ್ಯಾಟರಿ ತೆಗೆದಿಟ್ಟಿದ್ದೇವೆ. ಅತ್ತೆಗೆ ಅದೆಲ್ಲ ಸ್ವಲ್ಪ ಜಾಸ್ತಿ ಅಲ್ವಾ. ಬಚ್ಚಲಿನ ಕಿಟಕಿಗೆ ಗಾಜು ಸಹ ಇಲ್ಲ ನೋಡಿ! ಎದುರು ಮನೆಯ ತಾರಸಿಗೆ ಎಲ್ಲ ಕಾಣ್ತದೆ. ಮಗಳು ದೊಡ್ಡವಳಾದಳು, ನಾಚಿಕೆ. ಗೀಸರ್ ಹಾಕಿದವನು ಗಾಜು ಆಮೇಲೆ ಕೂರಿಸ್ತೇನೆ ಅಂದ. ಸದ್ಯಕ್ಕೆ ಪೇಪರ್ ಅಂಟಿಸಿದ್ದೇವೆ."

"ಗೀಸರ್ ಕರೆಂಟಿಂದಾ, ಗ್ಯಾಸಿಂದಾ?"

"ಗ್ಯಾಸಿಂದು. ಯಾಕೆ?"

"ಸ್ನಾನಕ್ಕೆ ಯಾರು ಹೋಗಿದಾರೆ ಈಗ?"

"ಮಗಳು. ಹಬ್ಬ ಅಲ್ವಾ, ತಲೆ ಸ್ನಾನ. ಹೋಗಿ ತುಂಬ ಹೊತ್ತಾಯ್ತು."

"ಹೋಗಿ ಬಾಗಿಲು ಬಡೀರಿ."

"ನೀರಿನ ಸದ್ದು ಉಂಟಲ್ಲ..."

"ಬಡೀರಿ!" ಎಂದು ಕಿರುಚಿದೆ. ಅಂಥ ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಮಗಳು ಬೆದರಿ ಗೋಡೆಗೆ ಒತ್ತಿಕೊಂಡಳು.

ಚಪ್ಪಲಿಯ ಸದ್ದು. ಬಾಗಿಲ ಮೇಲೆ ಬಡಿತ. ಮತ್ತೆ ಬಡಿತ. ನೀರು ಬೀಳುತ್ತಲೇ ಇತ್ತು. ಮೂರನೆಯ ಸಲ ಬಡಿದ ಮೇಲೆ ಒಳಗಿನಿಂದ, ನಿದ್ದೆಗಣ್ಣಲ್ಲಿ ಮಾತಾಡಿದಂಥ ಒಂದು ದನಿ, "ತಲ ಕರಂಗುನ್ನು ಅಮ್ಮೇ" ಎಂದಿತು. ತಲೆ ತಿರುಗುತ್ತಿದೆ ಅಮ್ಮ. ಚಿಲಕ ತೆರೆಯಿತು. ಹುಡುಗಿ ಬಿದ್ದಳೋ, ತಾಯಿ ಹಿಡಿದುಕೊಂಡಳೋ, ಫೋನು ನೆಲಕ್ಕೆ ಬಡಿದ ಸದ್ದು, ಅಳು. "ಹೊರಗೆ ಕರ್ಕೊಂಡು ಬನ್ನಿ, ಅಂಗಳಕ್ಕೆ, ಗಾಳಿಗೆ" ಎಂದು ನಾನು ಇಲ್ಲಿಂದ ಕೂಗುತ್ತಿದ್ದೆ. ಎಷ್ಟೋ ಹೊತ್ತಾದ ಮೇಲೆ ಅವಳು ಫೋನ್ ಎತ್ತಿಕೊಂಡಳು. ಮಗಳು ಅಂಗಳದಲ್ಲಿ ಕೂತಿದ್ದಾಳೆ, ಉಸಿರಾಡುತ್ತಿದ್ದಾಳೆ, ಅವಳ ಅಪ್ಪ ಆಸ್ಪತ್ರೆಗೆ ಕರೆದೊಯ್ಯಲು ಆಟೋ ತರುತ್ತಿದ್ದಾನೆ ಎಂದಳು.

"ಗೀಸರ್ ಆಫ್ ಆಯ್ತಾ?"

"ಆಯ್ತು."

"ಆಟೋ ಬರೋಷ್ಟರಲ್ಲಿ ಉಸಿರು ಬಿಗಿಹಿಡಿದು ಒಂದೇ ಸಲ ಒಳಗೆ ಹೋಗಿ" ಎಂದೆ. "ಕಿಟಕಿಯ ಪೇಪರ್ ಕಿತ್ತುಹಾಕಿ. ಫೋನ್ ಹಿಡ್ಕೊಂಡೇ ಹೋಗಿ. ಪೇಪರ್ ಹರಿಯೋ ಸದ್ದು ನನಗೆ ಕೇಳಲಿ."